ಗ್ಯಾಲಕ್ಸಿ ಸರ್ವರ್: ಕೊಡಗಿನ ನೆಟ್‌ವರ್ಕ್‌ನಲ್ಲಿ ಕೂತು ಜೀನೋಮ್ ಕೆಲಸ ಮಾಡುವವರಿಗೆ

ಕಾಳುಮೆಣಸಿನ ಸೊರಗು ರೋಗದ ಮೇಲೋ ಕಾಫಿ ಎಲೆಯ ತುಕ್ಕಿನ ಮೇಲೋ ಆರ್‌ಎನ್‌ಎ ಸೀಕ್ವೆನ್ಸಿಂಗ್ (ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ಓದುವ ಪರೀಕ್ಷೆ) ಮಾಡಿಸಿದರೆ, ಪೊನ್ನಂಪೇಟೆ, ಚೆಟ್ಟಳ್ಳಿ ಕಡೆ ಮೊದಲು ಕೈಕೊಡುವುದು ಲ್ಯಾಪ್‌ಟಾಪ್. ಸೀಕ್ವೆನ್ಸಿಂಗ್‌ನಿಂದ ಬರುವ ಚಿಕ್ಕ ತುಣುಕುಗಳನ್ನು (ರೀಡ್) ಜೋಡಿಸಿ ಉದ್ದ ಸರಣಿ ಮಾಡುವುದು ಅಸೆಂಬ್ಲಿ; ಅದನ್ನು ಟ್ರಿನಿಟಿ ಎಂಬ ತಂತ್ರಾಂಶದಲ್ಲಿ ಮಾಡಲು ಹತ್ತು ಲಕ್ಷ ರೀಡ್ ಜೋಡಿಗೆ ಹೆಚ್ಚುಕಡಿಮೆ 1 ಜಿಬಿ ರ್‍ಯಾಮ್ ಬೇಕು. 5 ಕೋಟಿ ಜೋಡಿಗೆ 50 ಜಿಬಿ ಆಯಿತು. 8 ಜಿಬಿ ಯಂತ್ರದಲ್ಲಿ ಆಗದ ಮಾತು. ಇಂಥ ವಿಶ್ಲೇಷಣೆಯನ್ನು ದೂರದ ಸರ್ವರ್‌ನಲ್ಲಿ ಮಾಡಿಕೊಡುವ, 2005ರಲ್ಲಿ ಶುರುವಾದ ಗ್ಯಾಲಕ್ಸಿ ಬ್ರೌಸರ್‌ನಲ್ಲೇ ನಡೆಯುತ್ತದೆ, ದುಡ್ಡು ಕೇಳುವುದಿಲ್ಲ. ಜರ್ಮನಿಯ ಫ್ರೈಬರ್ಗ್‌ನಿಂದ ನಡೆಯುವ ಯುರೋಪಿನ ಸರ್ವರ್‌ನಲ್ಲಿ ಖಾತೆ ತೆರೆದವರಿಗೆ 250 ಜಿಬಿ ಜಾಗ ಸಿಗುತ್ತದೆ.

ಆದರೆ ಇಲ್ಲಿನವರಿಗೆ ಇದರ ನಿಜವಾದ ಉಪಕಾರ ರ್‍ಯಾಮ್ ಅಲ್ಲ, ಫೈಲನ್ನು ನಾವು ಹೊತ್ತು ಸಾಗಿಸಬೇಕಿಲ್ಲ ಎಂಬುದು. 10 ಜಿಬಿ ಡೇಟಾವನ್ನು 4 ಎಂಬಿಪಿಎಸ್ ವೇಗದಲ್ಲಿ ಏರಿಸಲು ಐದೂವರೆ ಗಂಟೆ ಬೇಕು. ಕಕ್ಕಡ ತಿಂಗಳ ಮಳೆಯಲ್ಲಿ ಅಷ್ಟು ಹೊತ್ತು ಕರೆಂಟ್ ಇದ್ದರೆ ಪುಣ್ಯ. ಅದರ ಬದಲು ಅಪ್‌ಲೋಡ್ ಕಿಟಕಿಯಲ್ಲಿ 'ಪೇಸ್ಟ್/ಫೆಚ್ ಡೇಟಾ' ಒತ್ತಿ ಲಿಂಕ್ ಅಂಟಿಸಿ. ಸರ್ವರ್ ತಾನೇ ಎಳೆದುಕೊಳ್ಳುತ್ತದೆ, ಲ್ಯಾಪ್‌ಟಾಪ್ ಮುಚ್ಚಿ ಎದ್ದುಹೋಗಬಹುದು. ಹಾಗಾಗಿ ಸೀಕ್ವೆನ್ಸಿಂಗ್ ಮಾಡಿಕೊಟ್ಟವರಿಂದ ಹಾರ್ಡ್‌ಡಿಸ್ಕ್ ಒಂದೇ ತರಿಸಬೇಡಿ, ನೇರ ಡೌನ್‌ಲೋಡ್ ಲಿಂಕನ್ನೂ ಫೈಲ್ ಪೂರ್ತಿ ಬಂದಿದೆಯೇ ಎಂದು ತಾಳೆ ನೋಡುವ ಎಂಡಿ5 ಸಂಖ್ಯೆಯನ್ನೂ ಕೇಳಿ ಪಡೆಯಿರಿ. ನೇರ ಲಿಂಕ್ ಎಂದೆವು: ಜಿಬಿ ಲೆಕ್ಕದಲ್ಲಿರಬೇಕಾದ ಫೈಲ್ ಕೆಲವೇ ಕೆಬಿಗೆ ನಿಂತಿದ್ದರೆ, ಬಂದಿರುವುದು ಬಹುತೇಕ ಲಾಗಿನ್ ಪುಟ.

ನಮ್ಮ ಫೈಲು, ಕೆಲಸಗಳ ಪಟ್ಟಿಯಾದ ಹಿಸ್ಟರಿಯಲ್ಲಿ ಬೂದು ಬಣ್ಣ ಎಂದರೆ ಸರದಿ, ಕೆಂಪು ಎಂದರೆ ಕೆಟ್ಟಿತು. ಮೋಸ ಮಾಡುವುದು ಹಸಿರು. ಕೆಲಸ ಮುಗಿಯಿತು ಎಂದಷ್ಟೇ ಅದರ ಅರ್ಥ, ಸರಿಯಾಯಿತು ಎಂದಲ್ಲ. ಪ್ರತಿ ಜೀನ್‌ಗೆ ಎಷ್ಟು ರೀಡ್ ಬಿದ್ದಿದೆ ಎಂದು ಎಣಿಸುವ ಫೀಚರ್‌ಕೌಂಟ್ಸ್ ಹಸಿರಾಗಿ, ಒಳಗೆ ಸಾಲುಸಾಲು ಸೊನ್ನೆ ಇದ್ದರೆ ಕ್ರೋಮೋಸೋಮ್ ಹೆಸರು ನೋಡಿ: ಜೀನೋಮ್ ಫೈಲಿನಲ್ಲಿ 'ಸಿಎಚ್‌ಆರ್1', ಜೀನ್‌ಗಳ ಜಾಗ ಹೇಳುವ ಅನೊಟೇಶನ್ ಫೈಲಿನಲ್ಲಿ ಬರೀ '1' ಇರುತ್ತದೆ. ಅನೊಟೇಶನ್ ಜಿಎಫ್‌ಎಫ್3 ರೂಪದಲ್ಲಿದ್ದರೆ ಜಿಎಫ್‌ಎಫ್‌ರೀಡ್ ಟೂಲ್‌ನಿಂದ ಜಿಟಿಎಫ್ ರೂಪಕ್ಕೆ ತಂದೇ ಕೊಡಿ. ಇಲ್ಲದಿದ್ದರೆ ಟೂಲ್ ಹುಡುಕುವ 'ಜೀನ್ ಐಡಿ' ಸಿಗದೆ ನಿಂತುಬಿಡುತ್ತದೆ.

ಕಾಳುಮೆಣಸಿನ ಜೀನೋಮ್ 2019ರಲ್ಲಿ ಪ್ರಕಟವಾಯಿತು, ಸುಮಾರು 76 ಕೋಟಿ ಬೇಸ್. ಸರ್ವರ್‌ನ ಸಿದ್ಧ ಪಟ್ಟಿಯಲ್ಲಿ ಇಲ್ಲದ ಜೀನೋಮನ್ನು ನಾವೇ ಹಿಸ್ಟರಿಯಿಂದ ಕೊಟ್ಟರೆ, ರೀಡ್‌ಗಳನ್ನು ಜೀನೋಮ್ ಮೇಲೆ ಕೂರಿಸುವ ಹೈಸ್ಯಾಟ್2 ಪ್ರತಿ ಸ್ಯಾಂಪಲ್‌ಗೂ ಹುಡುಕಾಟದ ಸೂಚಿಯಾದ ಇಂಡೆಕ್ಸನ್ನು ಹೊಸದಾಗಿ ಕಟ್ಟುತ್ತದೆ. 12 ಸ್ಯಾಂಪಲ್ ಇದ್ದರೆ 12 ಸಲ. ಇದು ಸೇವೆಯ ದೊಡ್ಡ ಕೊರತೆ; ಆ ಹೊತ್ತನ್ನು ಲೆಕ್ಕಕ್ಕೆ ಹಿಡಿದೇ ಹೊರಡಿ. ಮೊದಲು ಒಂದೇ ಸ್ಯಾಂಪಲ್ ಓಡಿಸಿ ಸರಿ ಕಂಡರೆ, ಹಿಸ್ಟರಿಯಿಂದ ವರ್ಕ್‌ಫ್ಲೋ (ಮಾಡಿದ ಹೆಜ್ಜೆಗಳ ಸರಣಿ) ತೆಗೆದು ಉಳಿದವನ್ನು ಕಲೆಕ್ಷನ್ (ಒಂದೇ ಗುಂಪು) ಮಾಡಿ ಒಟ್ಟಿಗೆ ಬಿಡಿ.

250 ಜಿಬಿ ಧಾರಾಳ ಅನಿಸುತ್ತದೆ, ಟ್ರಿಮ್ ಮಾಡಿದ (ಕಳಪೆ ತುದಿ ಕತ್ತರಿಸಿದ) ಪ್ರತಿ, ಹೈಸ್ಯಾಟ್2 ಕೊಡುವ ಬ್ಯಾಮ್ ಫೈಲ್ ಎಲ್ಲ ಸೇರುವವರೆಗೆ. ಡಿಲೀಟ್ ಮಾಡಿದ್ದೂ ಪರ್ಜ್ ಮಾಡುವವರೆಗೆ (ಶಾಶ್ವತವಾಗಿ ಅಳಿಸುವವರೆಗೆ) ಕೋಟಾದಲ್ಲೇ ಇರುತ್ತದೆ. ಅಂದಹಾಗೆ, ಇದು ಉಗ್ರಾಣವಲ್ಲ. ಪ್ರಬಂಧ ಬರೆಯುವ ಹೊತ್ತಿಗೆ ಸೀಕ್ವೆನ್ಸಿಂಗ್‌ನಿಂದ ಬಂದ ಮೂಲ ಫಾಸ್ಟ್‌ಕ್ಯೂ ಫೈಲುಗಳನ್ನು ಸಾರ್ವಜನಿಕ ಆರ್ಕೈವ್‌ಗೆ ಒಪ್ಪಿಸಬೇಕು. ಅದಕ್ಕೆ ಫರಿದಾಬಾದ್‌ನಲ್ಲಿ 2022ರಲ್ಲಿ ಉದ್ಘಾಟನೆಯಾದ ಭಾರತೀಯ ಜೈವಿಕ ದತ್ತಾಂಶ ಕೇಂದ್ರವಿದೆ. ಗಿಡ ಯಾವ ತೋಟದ್ದು, ಎಷ್ಟು ಎತ್ತರ, ಎಲೆ ಕಿತ್ತ ದಿನ ಯಾವುದು ಎಂಬ ಮಾಹಿತಿಯನ್ನು ಅಲ್ಲಿ ಕೇಳುತ್ತಾರೆ, ಎಲೆ ಕಿತ್ತ ದಿನವೇ ಬರೆದಿಡಿ.