ಮತ್ತೆ ಎಚ್ಚೆತ್ತ ಎಕ್ಸ್‌ರೇ ಮೂಲವನ್ನು ಖಚಿತಪಡಿಸಲು: ಸ್ವಿಫ್ಟ್ ಎಕ್ಸ್‌ಆರ್‌ಟಿ ಆನ್‌ಲೈನ್ ಸೇವೆ ಹೇಗಿದೆ?

ವರ್ಷಗಟ್ಟಲೆ ತಣ್ಣಗಿದ್ದ ಎಕ್ಸ್‌ರೇ ಬೈನರಿ (ಜೊತೆಯ ನಕ್ಷತ್ರದಿಂದ ಅನಿಲ ಸೆಳೆದು ಎಕ್ಸ್‌ರೇ ಸೂಸುವ ನ್ಯೂಟ್ರಾನ್ ನಕ್ಷತ್ರ ಅಥವಾ ಕಪ್ಪುಕುಳಿಯ ಜೋಡಿ) ಮತ್ತೆ ಚುರುಕಾದಾಗ ಮೊದಲ ಸುಳಿವು ಬರುವುದು ಹೆಚ್ಚಾಗಿ ಇಡೀ ಆಕಾಶವನ್ನು ಗಮನಿಸುವ ಉಪಕರಣಗಳಿಂದ. ಬಾಹ್ಯಾಕಾಶ ನಿಲ್ದಾಣದಲ್ಲಿರುವ ಜಪಾನಿನ ಮ್ಯಾಕ್ಸಿ, ಸ್ವಿಫ್ಟ್ ಉಪಗ್ರಹದ ಬ್ಯಾಟ್, ಇಂಥವು. ಆ ಸುಳಿವು ನಿಜವೇ ಎಂದು ತೀರ್ಮಾನಿಸಲು ಲೆಸ್ಟರ್ ವಿಶ್ವವಿದ್ಯಾಲಯದ ಸ್ವಿಫ್ಟ್ ದತ್ತಾಂಶ ಕೇಂದ್ರ ಒದಗಿಸುವ ಎಕ್ಸ್‌ಆರ್‌ಟಿ ಪ್ರಾಡಕ್ಟ್ ಜನರೇಟರ್ ನನ್ನ ಮೊದಲ ಆಯ್ಕೆ; ಸ್ವಿಫ್ಟ್‌ನ ಎಕ್ಸ್‌ರೇ ದೂರದರ್ಶಕವಾದ ಎಕ್ಸ್‌ಆರ್‌ಟಿಯ ದತ್ತಾಂಶದಿಂದ ಚಿತ್ರ, ಸ್ಥಾನ, ಗ್ರಾಫ್ ತಯಾರಿಸಿ ಕೊಡುವ ಆನ್‌ಲೈನ್ ಸೇವೆ ಇದು. ಉಚಿತ, ವೇಗ, ವಿಶ್ವಾಸಾರ್ಹ. ಹಾಗೆಂದು ಅದು ಕೊಟ್ಟ ಗ್ರಾಫನ್ನು ಕಣ್ಣುಮುಚ್ಚಿ ಒಪ್ಪಿಕೊಳ್ಳಬಾರದು.

ಮೊದಲು ಸುಳಿವನ್ನೇ ಜರಡಿ ಹಿಡಿಯಿರಿ. ಬ್ಯಾಟ್ ಮಾನಿಟರ್‌ನ ದೈನಂದಿನ ಅಂಕಿಗಳು 15–50 ಕೆಇವಿ (ಕಿಲೋ ಎಲೆಕ್ಟ್ರಾನ್‌ವೋಲ್ಟ್, ಫೋಟಾನ್ ಶಕ್ತಿಯ ಅಳತೆ) ವ್ಯಾಪ್ತಿಯವು. ಅಲ್ಲಿ 1 ಕ್ರ್ಯಾಬ್ (ಕ್ರ್ಯಾಬ್ ನೀಹಾರಿಕೆಯ ಪ್ರಕಾಶವನ್ನೇ ಮಾನವಾಗಿಸಿಕೊಂಡ ಅಳತೆ) ಎಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸೆಕೆಂಡಿಗೆ 0.22 ಕೌಂಟ್. 0.011 ಕಂಡರೆ ಅದು 50 ಮಿಲಿಕ್ರ್ಯಾಬ್. ಇಡೀ ದಿನದ ವೀಕ್ಷಣೆಯಲ್ಲೂ ಪತ್ತೆಯ ಮಿತಿ ಸುಮಾರು 5.3 ಮಿಲಿಕ್ರ್ಯಾಬ್. ದಿನವೂ ನೂರಾರು ಮೂಲಗಳನ್ನು ನೋಡುವಾಗ ಎಲ್ಲೋ ಒಂದು ಬಿಂದು ಬರೀ ಆಕಸ್ಮಿಕವಾಗಿ 3 ಸಿಗ್ಮಾ (ಅಳತೆಯ ದೋಷದ ಮೂರು ಪಟ್ಟು) ಮೇಲೇರುವುದು ಸಹಜ. ಸತತ ಎರಡು ಮೂರು ದಿನ ಏರಿಕೆ ಕಂಡರೆ ಮಾತ್ರ ಮುಂದುವರಿಯಿರಿ. ಮ್ಯಾಕ್ಸಿಯ ಕೋನೀಯ ಸ್ಪಷ್ಟತೆ ಸುಮಾರು 1.5 ಡಿಗ್ರಿ ಮಾತ್ರ, ಹಾಗಾಗಿ ಗ್ಯಾಲಕ್ಸಿ ಕೇಂದ್ರದ ಗಿಜಿಗುಡುವ ಭಾಗದಲ್ಲಿ ಪಕ್ಕದ ಮೂಲದ ಬೆಳಕು ನಿಮ್ಮ ಮೂಲದ ಖಾತೆಗೆ ಸೇರಿಬಿಡಬಹುದು.

2010ರ ಅಕ್ಟೋಬರ್‌ನಲ್ಲಿ ಆದದ್ದು ಇಂಥದ್ದೇ ಗೊಂದಲ. ಟರ್ಜಾನ್ 5 ಗೋಳಾಕಾರದ ನಕ್ಷತ್ರಗುಚ್ಛದಲ್ಲಿ ಚಟುವಟಿಕೆ ಕಂಡಾಗ, ಮೊದಲೇ ಗೊತ್ತಿದ್ದ ಇಎಕ್ಸ್‌ಒ 1745-248 ಮತ್ತೆ ಎದ್ದಿದೆ ಎಂದುಕೊಂಡರು. ನಿಜವಾಗಿ ಎದ್ದದ್ದು ಅದೇ ಗುಚ್ಛದ ಬೇರೊಂದು ಮೂಲ, ಸೆಕೆಂಡಿಗೆ 11 ಸಲ ಸುತ್ತುವ ಪಲ್ಸಾರ್ (ಮಿಡಿಯುವ ನ್ಯೂಟ್ರಾನ್ ನಕ್ಷತ್ರ) ಐಜಿಆರ್ ಜೆ17480-2446. ಹಾಗಾಗಿ ಎಕ್ಸ್‌ಆರ್‌ಟಿ ಸೇವೆಯಲ್ಲಿ ಮೊದಲು ಕೇಳಬೇಕಾದದ್ದು ಲೈಟ್ ಕರ್ವ್ (ಕಾಲಕ್ಕೆ ತಕ್ಕಂತೆ ಪ್ರಕಾಶದ ಗ್ರಾಫ್) ಅಲ್ಲ, ಚಿತ್ರ ಮತ್ತು ಸ್ಥಾನ. ಸಾಧಾರಣ ಸ್ಥಾನದ ದೋಷ 3.5 ಆರ್ಕ್‌ಸೆಕೆಂಡ್ (ಡಿಗ್ರಿಯ 3,600ನೇ ಒಂದು ಭಾಗ ಒಂದು ಆರ್ಕ್‌ಸೆಕೆಂಡ್) ಆಸುಪಾಸು ಇರುತ್ತದೆ; ಸ್ವಿಫ್ಟ್‌ನದೇ ನೇರಳಾತೀತ-ಗೋಚರ ಬೆಳಕಿನ ದೂರದರ್ಶಕ ಯುವಿಓಟಿಯ ಚಿತ್ರದ ನಕ್ಷತ್ರಗಳ ನೆರವಿನಿಂದ ತಿದ್ದಿದ ಸ್ಥಾನ ಅದಕ್ಕಿಂತ ಮೇಲು. ಇಷ್ಟಿದ್ದೂ ದಟ್ಟ ಗುಚ್ಛದಲ್ಲಿ ಕೊನೆಯ ಮಾತು ನಾಸಾದ ಚಂದ್ರಾ ಎಕ್ಸ್‌ರೇ ದೂರದರ್ಶಕದ್ದೇ.

ಫಾರ್ಮ್ ತುಂಬುವುದು ಸುಲಭ: ಹೆಸರು ಕೊಟ್ಟರೆ ನಿರ್ದೇಶಾಂಕ ತಾನೇ ಬರುತ್ತದೆ, ಬೇಕಾದ ವೀಕ್ಷಣೆಗಳನ್ನು ಆರಿಸಿ, ಬಿನ್ ವಿಧಾನ (ದತ್ತಾಂಶವನ್ನು ಎಷ್ಟೆಷ್ಟು ಕಾಲದ ಬಿಂದುಗಳಾಗಿ ಗುಂಪು ಮಾಡಬೇಕು ಎಂಬುದು) ಹೇಳಿ. ಮೂಲದ ನಡುಬಿಂದುವನ್ನು ಸೇವೆಯೇ ಹುಡುಕುವ ಸೆಂಟ್ರಾಯ್ಡ್ ಆಯ್ಕೆಯ ಬಗ್ಗೆ ಮಾತ್ರ ಎಚ್ಚರ ಬೇಕು. ಮೂಲ ಮಂಕಾಗಿದ್ದು ಪಕ್ಕದಲ್ಲಿ ಪ್ರಕಾಶಮಾನವಾದದ್ದು ಇದ್ದರೆ ಸೇವೆ ಅದರ ಕಡೆಗೇ ಜಾರುತ್ತದೆ, ಅಂಥ ಕಡೆ ಅದನ್ನು ಆಫ್ ಮಾಡಿ. ಮೂಲ ಇನ್ನೂ ಏಳುತ್ತಿದ್ದರೆ ಒಂದೊಂದು ವೀಕ್ಷಣೆಗೆ ಒಂದೊಂದು ಬಿಂದು ಸಾಕು.

ಈ ಸೇವೆಯ ನಿಜವಾದ ಬೆಲೆ ತಿಳಿಯುವುದು ಅದು ಸದ್ದಿಲ್ಲದೆ ಮಾಡುವ ತಿದ್ದುಪಡಿಗಳಲ್ಲಿ. 2005ರ ಮೇ 27ರಂದು ಸೂಕ್ಷ್ಮ ಉಲ್ಕಾಕಣದ ಹೊಡೆತದಿಂದ ಎಕ್ಸ್‌ಆರ್‌ಟಿಯ ಸಿಸಿಡಿ ಸಂವೇದಕದ ಕೆಲವು ಕಾಲಂಗಳು ಹಾಳಾದವು. ಮೂಲ ಅವುಗಳ ಮೇಲೆ ಕುಳಿತರೆ ಕೌಂಟ್ ಕುಸಿಯುತ್ತದೆ, ತಿದ್ದದಿದ್ದರೆ ಮೂಲವೇ ಮಂಕಾದಂತೆ ಕಾಣುತ್ತದೆ. ಪೂರ್ಣ ಚಿತ್ರ ಕೊಡುವ ಫೋಟಾನ್ ಕೌಂಟಿಂಗ್ ಮೋಡ್‌ನಲ್ಲಿ ಸೆಕೆಂಡಿಗೆ ಸುಮಾರು 0.5 ಕೌಂಟ್ ದಾಟಿದರೆ ಪೈಲ್‌ಅಪ್ ಶುರು: ಒಂದೇ ಫ್ರೇಮ್‌ನಲ್ಲಿ ಬಂದ ಎರಡು ಫೋಟಾನ್ ಒಂದಾಗಿ ಎಣಿಕೆಯಾಗುತ್ತವೆ. ಸೇವೆ ಮೂಲದ ನಡುಭಾಗವನ್ನು ಕತ್ತರಿಸಿ, ಹೊರ ಅಂಚಿನಿಂದ ಲೆಕ್ಕ ಸರಿಮಾಡುತ್ತದೆ. ಕೈಯಿಂದ ಮಾಡಿದರೆ ಅರ್ಧ ದಿನ ಹಿಡಿಯುವ ಕೆಲಸ.

ಅದರ ಕೈಗೂ ಸಿಗದ ತೊಂದರೆಗಳಿವೆ. ಪ್ರಕಾಶಮಾನ ಮೂಲಗಳಿಗೆ ಬಳಸುವ, ವೇಗವಾದ ವಿಂಡೋಡ್ ಟೈಮಿಂಗ್ ಮೋಡ್‌ನಲ್ಲಿ ಚಿತ್ರ ಒಂದೇ ಆಯಾಮಕ್ಕೆ ಇಳಿಯುತ್ತದೆ, ಆ ಗೆರೆಗೆ ಅಡ್ಡಲಾಗಿರುವ ನೆರೆ ಮೂಲ ನಿಮ್ಮ ಮೂಲದಲ್ಲೇ ಬೆರೆಯುತ್ತದೆ. ಉಪಗ್ರಹದ ರೋಲ್ ಕೋನ (ನೋಡುವ ದಿಕ್ಕಿನ ಸುತ್ತ ಅದು ತಿರುಗಿರುವ ಕೋನ) ದಿನಕಳೆದಂತೆ ಬದಲಾಗುವುದರಿಂದ ಈ ಬೆರಕೆಯೂ ಏರಿಳಿಯುತ್ತದೆ, ಮೂಲವೇ ಏರಿಳಿದಂತೆ ತೋರುತ್ತದೆ. ಇದೇ ಮೋಡ್‌ನಲ್ಲಿ, ದಟ್ಟ ಅನಿಲದ ಹಿಂದಿರುವ ಮೂಲಗಳ ಸ್ಪೆಕ್ಟ್ರಮ್‌ಗೆ 1 ಕೆಇವಿ ಕೆಳಗೆ ಇಲ್ಲದ ಉಬ್ಬು ಬರುತ್ತದೆ. ಗ್ರೇಡ್ 0 ಘಟನೆಗಳನ್ನಷ್ಟೇ (ಒಂದೇ ಪಿಕ್ಸೆಲ್‌ನಲ್ಲಿ ದಾಖಲಾದವು) ಬಳಸಿ ನೋಡಿ. ಸ್ಪೆಕ್ಟ್ರಮ್‌ಗೆ ತಯಾರಾಗಿ ಬರುವ ಪವರ್ ಲಾ ಫಿಟ್ (ಸರಳ ಗಣಿತ ಮಾದರಿ) ಮೊದಲ ಅಂದಾಜಿಗೆ ಮಾತ್ರ. ಮೂಲ ಸಾಫ್ಟ್ ಸ್ಥಿತಿಗೆ (ಕಡಿಮೆ ಶಕ್ತಿಯ ಎಕ್ಸ್‌ರೇ ಮೇಲುಗೈ ಆದ ಸ್ಥಿತಿ) ತಿರುಗಿದ್ದರೆ ಫೈಲ್‌ಗಳನ್ನು ಇಳಿಸಿಕೊಂಡು ಸ್ಪೆಕ್ಟ್ರಮ್ ವಿಶ್ಲೇಷಣೆಯ ತಂತ್ರಾಂಶ ಎಕ್ಸ್‌ಸ್ಪೆಕ್‌ನಲ್ಲಿ ಬಿಸಿ ಅನಿಲದ ತಟ್ಟೆಯ ಮಾದರಿಯಾದ ಡಿಸ್ಕ್ ಬ್ಲ್ಯಾಕ್‌ಬಾಡಿ ಹಾಕಿ. ಹಿನ್ನೆಲೆಯ ಬೆಳಕೂ ಮೋಸ ಮಾಡಬಹುದು: ಕಪ್ಪುಕುಳಿ ಇರುವ ಬೈನರಿ ವಿ404 ಸಿಗ್ನಿಯ 2015ರ ಸ್ಫೋಟದ ನಂತರ ಅದರ ಸುತ್ತ ಧೂಳಿನಿಂದ ಚದುರಿದ ಬೆಳಕಿನ ಉಂಗುರಗಳು ಹರಡಿದ್ದವು. ಅಂಥ ಉಂಗುರ ಹಿನ್ನೆಲೆಯ ವಲಯಕ್ಕೆ ಬಿದ್ದರೆ ಕಳೆಯುವ ಲೆಕ್ಕವೇ ತಪ್ಪಾಗುತ್ತದೆ.

ಇತ್ತೀಚಿನ ವೀಕ್ಷಣೆಯೇ ಇಲ್ಲದಿದ್ದರೆ ಸ್ವಿಫ್ಟ್ ತಂಡಕ್ಕೆ ಟಾರ್ಗೆಟ್ ಆಫ್ ಆಪರ್ಚುನಿಟಿ ಮನವಿ (ತುರ್ತು ವೀಕ್ಷಣೆಯ ಕೋರಿಕೆ) ಸಲ್ಲಿಸಬೇಕು. ಆದ್ಯತೆ 1 ಎಂದರೆ 4 ಗಂಟೆಯೊಳಗೆ, 2 ಎಂದರೆ 24 ಗಂಟೆಯೊಳಗೆ. ಆಗಷ್ಟೇ ಎದ್ದ ಬೈನರಿಗೆ 2 ಸಾಕು. ಸೂರ್ಯನಿಂದ ಸುಮಾರು 46 ಡಿಗ್ರಿಯೊಳಗೆ ಎಕ್ಸ್‌ಆರ್‌ಟಿ ತಿರುಗುವುದಿಲ್ಲ, ಹಾಗಾಗಿ ಗ್ಯಾಲಕ್ಸಿ ಕೇಂದ್ರದ ಮೂಲ, ಸೂರ್ಯ ಆ ದಿಕ್ಕಿನಲ್ಲೇ ಇರುವ ಡಿಸೆಂಬರ್‌ನಲ್ಲಿ ಎದ್ದರೆ ಮನವಿ ಬರೆದು ಪ್ರಯೋಜನವಿಲ್ಲ. ಮ್ಯಾಕ್ಸಿಯ ಅಂಕಿಗಳನ್ನು ನೋಡುತ್ತ ಫೆಬ್ರವರಿಗೆ ಯೋಜನೆ ಹಾಕಿಕೊಳ್ಳಿ.