ಜೊಟೆರೊ: ಸಿನಾಪ್ಸಿಸ್ ಬರೆಯುವವರಿಗೆ ಎಷ್ಟು ಉಪಯೋಗ?

ಪಿಎಚ್.ಡಿ. ಸಿನಾಪ್ಸಿಸ್ (ಸಂಶೋಧನೆಯ ರೂಪರೇಖೆ) ಸಲ್ಲಿಸುವ ಕೊನೆಯ ವಾರದಲ್ಲಿ, ಗ್ರಂಥಋಣದ ಪಟ್ಟಿ ಮಾಡಲಿಕ್ಕೆಂದು ಜೊಟೆರೊ ಇಳಿಸಿಕೊಳ್ಳುವವರೇ ಹೆಚ್ಚು. ಎತ್ತು ತಂದು ಹಗ್ಗ ಮಾತ್ರ ಬಳಸಿದ ಹಾಗೆ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿ 2006ರಲ್ಲಿ ಹೊರಬಂದ, ಓದಿದ ಆಕರಗಳನ್ನು ಕೂಡಿಟ್ಟು ಉಲ್ಲೇಖ ಮಾಡಿಕೊಡುವ ಈ ಉಚಿತ ತಂತ್ರಾಂಶದ ನಿಜವಾದ ಉಪಯೋಗ, ವಿಷಯ ಇನ್ನೂ ಗಟ್ಟಿಯಾಗದ ಹಂತದಲ್ಲಿದೆ.

ಸಿನಾಪ್ಸಿಸ್ ಪರಿಶೀಲಿಸುವ ಸಮಿತಿಯವರು ಹಿಡಿದು ಜಗ್ಗುವುದು ಪೂರ್ವಾಧ್ಯಯನಗಳ ಸಮೀಕ್ಷೆಯನ್ನು. ಹತ್ತು ಪುಸ್ತಕಗಳ ಸಾರಾಂಶವನ್ನು ಒಂದರ ಕೆಳಗೊಂದು ಇಟ್ಟರೆ ‘ಇದರಲ್ಲಿ ನಿಮ್ಮ ಕೆಲಸ ಎಲ್ಲಿ?’ ಎಂದೇ ಕೇಳುತ್ತಾರೆ. ಇಲ್ಲಿ ಜೊಟೆರೊದ ಟ್ಯಾಗ್, ಅಂದರೆ ಆಕರಕ್ಕೆ ಅಂಟಿಸುವ ಗುರುತುಪದ, ಕೈಹಿಡಿಯುತ್ತದೆ. ವಿಷಯ ಕೋಲಾರದ ಕೆರೆ ನಿರ್ವಹಣೆ ಎಂದುಕೊಳ್ಳಿ. ಓದಿದ ಪ್ರತಿ ಲೇಖನಕ್ಕೂ ಸ್ಥಳ, ಕಾಲ, ವಿಧಾನ, ಮುಖ್ಯ ವಿಷಯ ಎಂದು ನಾಲ್ಕು ಟ್ಯಾಗ್ ಹಾಕಿ. 30–40 ಆಕರಗಳಾದ ಮೇಲೆ ‘ನೀರುಗಂಟಿ’ (ಕೆರೆಯ ನೀರು ಹಂಚುವವನು) ಎಂಬ ಟ್ಯಾಗ್ ಒತ್ತಿ. ಅದರ ಜೊತೆ ‘ಸಂದರ್ಶನ’ ಎಂಬುದು ಎಲ್ಲೂ ಕಾಣದಿದ್ದರೆ ಅಲ್ಲೊಂದು ಅಂತರ ಇರಬಹುದು. ಇರಬಹುದು ಅಷ್ಟೇ: ನಿಮ್ಮ ಸಂಗ್ರಹದಲ್ಲಿ ಇಲ್ಲದ್ದು ಲೋಕದಲ್ಲೂ ಇಲ್ಲವೆಂದಲ್ಲ. ಅದೇ ಪದಗಳನ್ನು ಭಾರತದ ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ, ಸಿನಾಪ್ಸಿಸ್‌ಗಳನ್ನೇ ಇಡುವ ಶೋಧಗಂಗೋತ್ರಿಯಲ್ಲಿ ಹುಡುಕಿ. ಕನ್ನಡ ಲಿಪಿಯಲ್ಲಿ ಒಮ್ಮೆ, ರೋಮನ್ ಲಿಪಿಯಲ್ಲಿ ಎರಡು-ಮೂರು ಕಾಗುಣಿತಗಳಲ್ಲಿ ಒಮ್ಮೆ. ಕನ್ನಡ ಪ್ರಬಂಧಗಳ ಶೀರ್ಷಿಕೆ ಎರಡರಲ್ಲಿ ಯಾವ ಲಿಪಿಯಲ್ಲಾದರೂ ನಮೂದಾಗಿರಬಹುದು.

ಬ್ರೌಸರ್‌ಗೆ ಹಾಕುವ ಕನೆಕ್ಟರ್ (ತೆರೆದ ಪುಟದ ಆಕರವನ್ನು ಜೊಟೆರೊಗೆ ಸೇರಿಸುವ ಕಿರುತಂತ್ರಾಂಶ) ಚುರುಕಾಗಿದೆ. ಜೊಟೆರೊಗೆ ಲೇಖನದ ಗುರುತುಸಂಖ್ಯೆ ಡಿಒಐ ಅಥವಾ ಪುಸ್ತಕದ ಗುರುತುಸಂಖ್ಯೆ ಐಎಸ್‌ಬಿಎನ್ ಕೊಟ್ಟರೆ ವಿವರ ತಾನೇ ತುಂಬುತ್ತದೆ. ಹಿಂತೆಗೆದುಕೊಂಡ ಲೇಖನ ಸಂಗ್ರಹದಲ್ಲಿದ್ದರೆ ಕೆಂಪು ಎಚ್ಚರಿಕೆಯನ್ನೂ ತೋರಿಸುತ್ತದೆ. ಪಿಡಿಎಫ್‌ನಲ್ಲಿ ಬಣ್ಣ ಬಳಿದ ಸಾಲುಗಳು ಪುಟಸಂಖ್ಯೆಯ ಸಮೇತ ಟಿಪ್ಪಣಿಯಾಗಿ ಇಳಿಯುತ್ತವೆ. ಬಣ್ಣಕ್ಕೊಂದು ಅರ್ಥ ಮೊದಲೇ ಗೊತ್ತು ಮಾಡಿಕೊಳ್ಳಿ: ಹಳದಿ ವಾದಕ್ಕೆ, ಹಸಿರು ವಿಧಾನಕ್ಕೆ, ಕೆಂಪು ನಿಮ್ಮ ತಕರಾರಿಗೆ. ‘ಸಂಶೋಧನಾ ಸಮಸ್ಯೆ’ಯ ಭಾಗ ಬರೆಯುವಾಗ ಕೆಂಪನ್ನಷ್ಟೇ ಸೋಸಿ ನೋಡಿದರೆ ಅರ್ಧ ವಾದ ಅಲ್ಲೇ ಇರುತ್ತದೆ.

ಕನ್ನಡ ಆಕರಗಳ ಮಾತು ಬಂದರೆ ಜೊಟೆರೊದ ಅಂಕ ಇಳಿಯುತ್ತದೆ. ಹಳೆಯ ಪುಸ್ತಕಗಳಿಗೆ ಐಎಸ್‌ಬಿಎನ್ ಇರುವುದಿಲ್ಲ, ಎಲ್ಲವನ್ನೂ ಕೈಯಲ್ಲೇ ತುಂಬಬೇಕು. ಪುಸ್ತಕಕ್ಕೆ ಐದು ನಿಮಿಷ ಲೆಕ್ಕ ಹಾಕಿಕೊಳ್ಳಿ. ಸ್ಕ್ಯಾನ್ ಮಾಡಿದ ಪುಟದಲ್ಲಿ ಅಕ್ಷರ ಸಿಗುವುದಿಲ್ಲ, ಚೌಕ ಎಳೆದು ಚಿತ್ರವಾಗಿ ಎತ್ತಿಕೊಳ್ಳಬೇಕು. ಹಳೆಯ ಆಸ್ಕಿ ನುಡಿಯಲ್ಲಿ (ಯೂನಿಕೋಡ್‌ಗೆ ಮುಂಚಿನ ಕನ್ನಡ ಫಾಂಟ್) ಮಾಡಿದ ಪಿಡಿಎಫ್‌ನಿಂದ ಸಾಲು ಎತ್ತಿದರೆ ರೋಮನ್ ಅಕ್ಷರಗಳ ಕಲಸುಮೇಲೋಗರವೇ ಬರುತ್ತದೆ. ಹೆಸರಿನ ಗೋಳು ಬೇರೆ. ‘ಕುವೆಂಪು’ ಎಂಬುದಕ್ಕೆ ಕುಲನಾಮವೆಲ್ಲಿದೆ? ಹೆಸರಿನ ಖಾನೆಯನ್ನು ಒಂಟಿ ಖಾನೆಯಾಗಿ ಬದಲಿಸಿ ತುಂಬಿ. ಅಪ್ಪನ ಹೆಸರು, ಊರಿನ ಹೆಸರು ಮುಂದಿರುವ ಲೇಖಕರನ್ನು ಹೇಗೆ ಒಡೆಯಬೇಕೆಂದು ಮಾರ್ಗದರ್ಶಕರನ್ನು ಕೇಳಿ ಒಂದೇ ಪದ್ಧತಿ ಹಿಡಿಯಿರಿ. ಇಲ್ಲದಿದ್ದರೆ ಒಬ್ಬರೇ ಲೇಖಕರು ಪಟ್ಟಿಯಲ್ಲಿ ಎರಡು ಕಡೆ ಕೂರುತ್ತಾರೆ.

ಕನ್ನಡ ಗ್ರಂಥಗಳು ಮೊದಲು, ಇಂಗ್ಲಿಷ್ ಆಮೇಲೆ ಎಂದು ಕೇಳುವ ವಿಭಾಗಗಳಿವೆ. ಒಂದು ವರ್ಡ್ ಕಡತದಲ್ಲಿ ಜೊಟೆರೊ ಎರಡು ಪಟ್ಟಿ ಕೊಡುವುದಿಲ್ಲ. ಎರಡು ಸಂಗ್ರಹ ಮಾಡಿ, ಪ್ರತ್ಯೇಕವಾಗಿ ಗ್ರಂಥಸೂಚಿ ತೆಗೆದು ಅಂಟಿಸುವುದೇ ದಾರಿ. ವಿಶ್ವವಿದ್ಯಾಲಯ ಇನ್ನೂ ಆಸ್ಕಿ ನುಡಿಯಲ್ಲೇ ಕೇಳುತ್ತಿದ್ದರೆ, ಬರೆಯುವುದು ಪೂರ್ತಿ ಯೂನಿಕೋಡ್‌ನಲ್ಲಿರಲಿ. ಕೊನೆಗೆ ಕಡತದ ಇನ್ನೊಂದು ಪ್ರತಿ ಮಾಡಿ, ಅದರಲ್ಲಿ ಉಲ್ಲೇಖಗಳಿಗೂ ಜೊಟೆರೊಗೂ ಇರುವ ಕೊಂಡಿ ಕಳಚಿ, ಆಮೇಲೆ ಪರಿವರ್ತಿಸಿ. ಕೊಂಡಿ ಇರುವಾಗಲೇ ಪರಿವರ್ತಿಸಿದರೆ ಉಲ್ಲೇಖಗಳು ಕೆಟ್ಟು, ಮತ್ತೆ ತಿದ್ದಲು ಬಾರದ ಹಾಗಾಗುತ್ತವೆ.

ಕಡತಗಳನ್ನು ಸಿಂಕ್ ಮಾಡಿ ಇಡಲು ಜೊಟೆರೊ ಆನ್‌ಲೈನ್‌ನಲ್ಲಿ ಕೊಡುವ ಉಚಿತ ಜಾಗ 300 ಎಂಬಿ. ಸ್ಕ್ಯಾನ್ ಪುಸ್ತಕ ಒಂದೊಂದೂ 40–50 ಎಂಬಿ ಇದ್ದರೆ ಆರೇಳಕ್ಕೆ ತುಂಬಿತು. ವರ್ಷಕ್ಕೆ 20 ಡಾಲರ್ ಕೊಟ್ಟರೆ 2 ಜಿಬಿ ಸಿಗುತ್ತದೆ. ಆದರೆ ಸಿನಾಪ್ಸಿಸ್ ಹಂತಕ್ಕೆ ಬೇಕಿಲ್ಲ, ಪಿಡಿಎಫ್‌ಗಳ ಸಿಂಕ್ ನಿಲ್ಲಿಸಿ ಗ್ರಂಥವಿವರ ಮಾತ್ರ ಬಿಟ್ಟರೆ ಸಾಕು, ಅದಕ್ಕೆ ಮಿತಿಯಿಲ್ಲ. ಜಾಗ ಉಳಿಸಲೆಂದು ಜೊಟೆರೊದ ದತ್ತಾಂಶ ಫೋಲ್ಡರನ್ನು ಗೂಗಲ್ ಡ್ರೈವ್ ಅಥವಾ ಒನ್‌ಡ್ರೈವ್ ಫೋಲ್ಡರಿನೊಳಗೆ ಇಡಬೇಡಿ, ಕೆಡುವ ಸಾಧ್ಯತೆ ಹೆಚ್ಚು. ವಾರಕ್ಕೊಮ್ಮೆ ತಂತ್ರಾಂಶ ಮುಚ್ಚಿ, ಇಡೀ ದತ್ತಾಂಶ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ.