ದಾವಣಗೆರೆಯಿಂದ ಕುದುರೆಮುಖ ಟ್ರೆಕ್ಕಿಂಗ್: ತುದಿಲಿ ಏನೂ ಕಾಣಲಿಲ್ಲ, ಆದ್ರೂ ಈ ಟೀಮ್ ಜೊತೆ ಇನ್ನೊಂದ್ಸಲ ಹೋಗ್ತೀನಿ

ಮೊದಲೇ ಹೇಳಿಬಿಡ್ತೀನಿ, ಅಷ್ಟು ಹತ್ತಿ ಮೇಲೆ ಹೋದ್ಮೇಲೆ ನಮಗೆ ಏನೂ ಕಾಣಲಿಲ್ಲ. ಕುದುರೆಮುಖದ ತುದಿ, 1890 ಮೀಟರ್ ದಾಟಿದ ಜಾಗ, ಸುತ್ತ ಬರೀ ಬಿಳಿ ಮಂಜು, ಪಕ್ಕದಲ್ಲಿ ನಿಂತಿರೋ ಮಗಳ ಕೆಂಪು ರೈನ್‌ಕೋಟ್ ಒಂದೇ ಬಣ್ಣ. ಆದ್ರೂ 5ಕ್ಕೆ 4 ಸ್ಟಾರ್ ಕೊಡ್ತಿದೀನಿ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೀತೀನಿ, ಯಾಕಂದ್ರೆ ಬೇರೆಯವರೆಲ್ಲಾ "ಸೂಪರ್ ಟ್ರಿಪ್, ಊಟ ಚೆನ್ನಾಗಿತ್ತು" ಅಂತ ಒಂದು ಸಾಲು ಬರೆದು ಬಿಟ್ಟಿದಾರೆ, ಮನೆಮಂದಿನ ಕರ್ಕೊಂಡು ಹೋಗೋರಿಗೆ ಅದು ಸಾಲಲ್ಲ.

ನಾವು ಮೂರು ಜನ, ನಾನು, ನಮ್ಮ ಯಜಮಾನ್ರು, ಸೆಕೆಂಡ್ ಪಿಯು ಓದ್ತಿರೋ ಮಗಳು. ದಸರಾ ರಜೆಲಿ ಹೋಗಿದ್ದು. ಒಟ್ಟು 16 ಜನ, ಒಂದು ಟಿಟಿ, ಇಬ್ಬರು ಲೀಡರ್‌ಗಳು, ಇಬ್ಬರೂ ನಮ್ಮ ದಾವಣಗೆರೆ ಹುಡುಗರೇ. ತಲೆಗೆ 3900 ರೂಪಾಯಿ, ಅದರಲ್ಲಿ ಗಾಡಿ, ಹೋಂಸ್ಟೇ, ಮೂರು ಹೊತ್ತಿನ ಊಟ, ಹತ್ತೋಕೆ ಶುರು ಮಾಡೋ ಮುಳ್ಳೋಡಿ ತನಕ ಜೀಪು, ಅರಣ್ಯ ಇಲಾಖೆ ಪರ್ಮಿಷನ್ನು, ಅಲ್ಲಿನ ಗೈಡ್ ಎಲ್ಲಾ ಸೇರಿ.

ಬುಕ್ ಮಾಡೋಕೆ ಮುಂಚೆ ನಾನು ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ, ಮಳೆ ಬಂದ್ರೆ ಏನ್ ಮಾಡ್ತೀರಿ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್‌ಗೆ ಹೋಗಿದ್ದ ನಮ್ಮ ಕರ್ನಾಟಕದವರ ಗುಂಪು ಹಿಮಗಾಳಿಗೆ ಸಿಕ್ಕಿ 9 ಜನ ತೀರಿಕೊಂಡ್ರಲ್ಲ, ಆವತ್ತು ಟಿವಿ ನೋಡಿದ್ದು ಇನ್ನೂ ಮನಸ್ಸಿಂದ ಹೋಗಿಲ್ಲ. ಇನ್ನೊಬ್ಬರು ಯಾರನ್ನೋ ಕೇಳಿದ್ರೆ "ಮಳೇಲೇ ಮಜಾ ಮೇಡಂ" ಅಂದ್ರು, ಅಲ್ಲಿಗೇ ಫೋನ್ ಇಟ್ಟೆ. ಈ ಟೀಮಿನ ಹುಡುಗ ಮಾತ್ರ "ಅಕ್ಕಾ, 11 ಗಂಟೆಗೆ ಎಲ್ಲಿರ್ತೀವೋ ಅಲ್ಲಿಂದ ವಾಪಸ್ಸು, ತುದಿ ಹತ್ತು ನಿಮಿಷ ದೂರ ಇದ್ರೂ ವಾಪಸ್ಸು, ಅದಕ್ಕೆ ಒಪ್ಕೊಂಡ್ರೆ ಮಾತ್ರ ದುಡ್ಡು ಹಾಕ್ರಿ" ಅಂದ. ಅವತ್ತೇ ಹಾಕಿದೆ.

ಇನ್ನೊಂದು ಒಳ್ಳೇ ಕೆಲಸ ಅಂದ್ರೆ ಎರಡು ವಾರ ಮುಂಚೆ ಒಂದು ಭಾನುವಾರ ಎಲ್ಲರನ್ನೂ ಚಿತ್ರದುರ್ಗಕ್ಕೆ ಕರೆಸಿ ಜೋಗಿಮಟ್ಟಿ ಗುಡ್ಡ ಹತ್ತಿಸಿದ್ರು, ಅದಕ್ಕೆ ಬೇರೆ ದುಡ್ಡಿಲ್ಲ, ಬಸ್ ಚಾರ್ಜ್ ನಮ್ಮದು ಅಷ್ಟೇ. ದುರ್ಗದ ಗಾಳಿ ಗೊತ್ತಲ್ಲ, ಸುತ್ತ ಗುಡ್ಡದ ಮೇಲೆಲ್ಲಾ ಗಾಳಿಯಂತ್ರ ನೆಟ್ಟಿರೋ ಊರು ಅದು. ಮೇಲೆ ಹೋಗ್ತಿದ್ದಂಗೆ ನಾನು ಪಿ.ಬಿ. ರೋಡಲ್ಲಿ 150 ರೂಪಾಯಿಗೆ ತಂದಿದ್ದ ಪೊಂಚೋ, ಅದೇ ತಲೆ ಮೇಲಿಂದ ಹಾಕ್ಕೊಳ್ಳೋ ಅಗಲದ ರೈನ್‌ಕೋಟು, ಹಾರಿ ಮುಖಕ್ಕೆ ಸುತ್ಕೊಂತು, ಕಾಲೆಲ್ಲಿ ಇಡ್ತಿದೀನಿ ಕಾಣಲಿಲ್ಲ. ಲೀಡರ್ ಹುಡುಗ ಹೇಳಿದ್ದು, ನೋಡ್ರಿ ಅಕ್ಕಾ ಇಲ್ಲೇ ಹಿಂಗಾದ್ರೆ ಅಲ್ಲಿ ಬೋಳು ಗುಡ್ಡದ ಅಂಚಲ್ಲಿ ನಡೆಯುವಾಗ ಏನಾಗ್ಬೇಕು, ಜಿಪ್ ಇರೋ ಜಾಕೆಟ್ಟು, ಪ್ಯಾಂಟು ಬೇರೆ ಬೇರೆ ಇರೋದೇ ತಗೊಳ್ರಿ ಅಂತ. ಈ ಒಂದು ದಿನದ ಪ್ರಾಕ್ಟೀಸ್ ಇಲ್ದಿದ್ರೆ ನಾವು ಮೂರೂ ಜನ ಅದೇ ಪೊಂಚೋದಲ್ಲೇ ಹೋಗ್ತಿದ್ವಿ.

ಹೊರಡೋ ದಿನ ರಾತ್ರಿ 9.30ಕ್ಕೆ ವಿದ್ಯಾನಗರಕ್ಕೆ ಬನ್ನಿ ಅಂದಿದ್ರು, ಗಾಡಿ ಬಂದಿದ್ದು 10.40ಕ್ಕೆ. ಒಂದು ಫೋನಿಲ್ಲ ಮೆಸೇಜಿಲ್ಲ, ಹೆಣ್ಮಕ್ಕಳು ವಯಸ್ಸಾದೋರು ರೋಡಲ್ಲಿ ನಿಂತಿದ್ವಿ. ಹದಡಿ ರೋಡ್ ಹಿಡಿದು ಚನ್ನಗಿರಿ, ಭದ್ರಾವತಿ, ಎನ್.ಆರ್.ಪುರ, ಬಾಳೆಹೊನ್ನೂರು, ಕಳಸ, ಅಲ್ಲಿಂದ ಸಂಸೆ. ಬೆಳಗಾಗೋ ಮುಂಚೆ ಹೋಂಸ್ಟೇ, ಬಿಸಿನೀರು, ಅಕ್ಕಿರೊಟ್ಟಿ. ಊಟ ತಿಂಡಿ ಬಗ್ಗೆ ದೂರಿಲ್ಲ, ಮಧ್ಯಾಹ್ನಕ್ಕೆ ಕಟ್ಟಿಕೊಟ್ಟ ಚಿತ್ರಾನ್ನ ಮಾತ್ರ ಹಳಸಿದ ವಾಸನೆ ಬಂತು, ನಾವು ಮನೆಯಿಂದ ತಂದಿದ್ದ ಖಾರ ಮಂಡಕ್ಕಿ, ಶೇಂಗಾ ಉಂಡೆನೇ ಎಲ್ಲರಿಗೂ ಆಯ್ತು.

ಚೆಕ್‌ಪೋಸ್ಟಲ್ಲಿ ಬ್ಯಾಗ್ ನೋಡಿ, ಹೆಸರು ಬರೆಸಿ, 6.30ಕ್ಕೆ ಹತ್ತೋಕೆ ಶುರು ಮಾಡಿದ್ವಿ. ಹೋಗಿ ಬರೋದು 20 ಕಿಲೋಮೀಟರ್ ಮೇಲೆ. ಮುಳ್ಳೋಡಿ ಕಡೆಯ ಗೈಡ್ ಒಬ್ರು ಮುಂದೆ, ಐವತ್ತು ದಾಟಿದ ವಯಸ್ಸು, ಮಾತು ಕಮ್ಮಿ. ಆಕಾಶ ಆಗ ತೊಳೆದಂಗೆ ನೀಲಿ, ಬಿಸಿಲು. ಇವತ್ತು ಮಳೆ ಇಲ್ಲ ಬಿಡ್ರಿ, ಫೋನಲ್ಲೂ ಕಳಸಕ್ಕೆ ಬಿಸಿಲೇ ತೋರಿಸ್ತಿದೆ ಅಂದೆ. ಅವರು ನಕ್ಕು "ಕಳಸದ್ದು ಕಳಸಕ್ಕಾಯ್ತು ಅಮ್ಮ, ಇಲ್ಲಿ ಮೋಡ ಎಲ್ಲಿಂದಲೋ ಬರೋದಲ್ಲ, ಇಲ್ಲೇ ಹುಟ್ತದೆ" ಅಂದ್ರು. ಲೀಡರ್ ಅದನ್ನ ಬಿಡಿಸಿ ಹೇಳಿದ, ಅರಬ್ಬಿ ಸಮುದ್ರದ ಕಡೆಯಿಂದ ಬರೋ ತೇವದ ಗಾಳಿ ಈ ಘಟ್ಟಕ್ಕೆ ಬಡಿದು ಮೇಲಕ್ಕೆ ಏರುತ್ತೆ, ಏರಿದಂಗೆಲ್ಲಾ ತಣ್ಣಗಾಗುತ್ತೆ, ಸಾವಿರ ಮೀಟರ್‌ಗೆ 6 ಡಿಗ್ರಿ ಆಸುಪಾಸು ಕಮ್ಮಿ ಆಗ್ತಾ ಹೋಗುತ್ತೆ, ತಣ್ಣಗಾದ ತೇವವೇ ಮೋಡ, ಅದಕ್ಕೇ ಹತ್ತು ನಿಮಿಷದಲ್ಲಿ ಬಿಸಿಲು ಹೋಗಿ ಮಂಜು ಅಂತ. ನಮ್ಮ ಕಡೆ ಬರೋ ಹೊತ್ತಿಗೆ ಆ ಗಾಳಿಲಿ ನೀರೇ ಉಳಿದಿರಲ್ಲ, ಅದಕ್ಕೆ ನಮಗೆ ವರ್ಷಕ್ಕೆಲ್ಲಾ 600 ಚಿಲ್ಲರೆ ಮಿಲಿಮೀಟರ್ ಮಳೆ. ನಮ್ಮಪ್ಪಾಜಿದು ಭದ್ರಾ ನಾಲೆಯ ಕೊನೆ ಭಾಗದ ಗದ್ದೆ, ಮಳೆಗಾಲ ಬಂತಂದ್ರೆ ಮನೇಲಿ ದಿನಾ ಬೆಳಿಗ್ಗೆ ಒಂದೇ ಮಾತು, ಡ್ಯಾಮು ತುಂಬಿ 186 ಅಡಿ ಆಯ್ತಾ ಇಲ್ವಾ. ಆ ಭದ್ರಾ ಹುಟ್ಟೋದು ಇದೇ ಕುದುರೆಮುಖ ಕಾಡಿನ ಗಂಗಾಮೂಲದಲ್ಲಿ. ಪೇಪರಲ್ಲಿ ಅಡಿ ಲೆಕ್ಕದಲ್ಲಿ ನೋಡ್ತಿದ್ದ ಮಳೆನ ಮೈಮೇಲೆ ಹಾಕ್ಕೊಂಡಿದ್ದು ಇದೇ ಮೊದಲು, ಅಪ್ಪಾಜಿಗೆ ಫೋನ್ ಮಾಡಿ ಹೇಳ್ಬೇಕು ಅನ್ನಿಸ್ತು, ಸಿಗ್ನಲ್ ಇರಲಿಲ್ಲ.

ಒಂಟಿ ಮರ ಅಂತ ಒಂದು ಜಾಗ ಬರುತ್ತೆ, ಎಲ್ಲರೂ ಫೋಟೋ ತೆಗೆಸ್ಕೊಳ್ಳೋದು ಅಲ್ಲೇ. ನಮಗೂ ಐದು ನಿಮಿಷ ಬಿಟ್ರು. ಆಮೇಲೆ ಲೀಡರ್ ಎಲ್ಲರನ್ನೂ ಕೂರಿಸಿ, ವಾಪಸ್ ಬರುವಾಗ ಗುಡುಗು ಶುರುವಾದ್ರೆ ಓಡಿ ಹೋಗಿ ನಿಲ್ಲಬಾರದ ಜಾಗ ಅಂದ್ರೆ ಇದೇ, ಬೋಳು ಗುಡ್ಡದಲ್ಲಿ ಎತ್ತರ ಇರೋದು ಇದೊಂದೇ ಮರ, ಅದು ಬಿಟ್ರೆ ನಾವೇ ಎತ್ತರ ಅಂದ. ಮಿಂಚು ಕಂಡ ತಕ್ಷಣ ಎಣಿಸಬೇಕಂತೆ, ಶಬ್ದ ಒಂದು ಕಿಲೋಮೀಟರ್ ಬರೋಕೆ 3 ಸೆಕೆಂಡು, 30 ಎಣಿಸೋದ್ರೊಳಗೆ ಗುಡುಗಿದ್ರೆ ಸಿಡಿಲು 10 ಕಿಲೋಮೀಟರ್ ಒಳಗೇ ಐತೆ, ಅಂಚು ಬಿಟ್ಟು ಕೆಳಗೆ ಇಳೀಬೇಕು, ಕೊನೇ ಗುಡುಗು ಆಗಿ ಅರ್ಧ ಗಂಟೆ ಆಗೋ ತನಕ ಮೇಲೆ ಬರಬಾರದು. ನನ್ನ ಮಗಳು ಇದನ್ನ ಬುಕ್ಕಲ್ಲಿ ಓದಿದ್ಲಂತೆ, ನಾನು ಅವತ್ತೇ ಕೇಳಿದ್ದು.

ತುದಿ ಮುಟ್ಟಿದ್ದು 10.35ಕ್ಕೆ. ಆಗಲೇ ಹೇಳಿದೆನಲ್ಲ, ಬರೀ ಮಂಜು. ಹುಡುಗರೆಲ್ಲಾ ಇನ್ನೊಂದು ಗಂಟೆ ಕಾಯೋಣ, ಮಂಜು ಸರಿಯುತ್ತೆ ಅಂತ ಹಠ ಹಿಡಿದ್ರು, ಒಬ್ಬ ಅಂತೂ ನಾಲ್ಕು ಸಾವಿರ ಕೊಟ್ಟು ಬಂದಿದೀನಿ ಅಂತ ಜೋರು ದನಿಲೇ ಮಾತಾಡಿದ. ಲೀಡರ್ ದನಿ ಏರಿಸಲಿಲ್ಲ. 11 ಗಂಟೆ ಅಂತ ಒಪ್ಕೊಂಡಿದೀರಿ, ಒಂದು ನಿಮಿಷ ಹೆಚ್ಚಿಲ್ಲ ಅಂದ, 11ಕ್ಕೆ ಇಳಿಸಿದ. ನನಗೂ ಹೊಟ್ಟೆ ಉರೀತು, ಸುಳ್ಳು ಯಾಕೆ ಹೇಳಲಿ.

ಇಳಿಯೋಕೆ ಶುರು ಮಾಡಿ ಮುಕ್ಕಾಲು ಗಂಟೆ ಆಗಿರಬೇಕು, ಇದ್ದಕ್ಕಿದ್ದಂಗೆ ಗಾಳಿ ನಿಂತು ಹೋಯ್ತು, ಆಮೇಲೆ ಎದುರು ದಿಕ್ಕಿಂದ ಬೀಸ್ತು, ತಣ್ಣಗೆ, ಫ್ರಿಜ್ ಬಾಗಿಲು ತೆಗೆದಂಗೆ. ಮುಂದಿದ್ದ ಗೈಡ್ ಹಿಂದೆ ತಿರುಗಿ ಲೀಡರ್ ಮುಖ ನೋಡಿದ್ರು ಅಷ್ಟೇ, ಒಂದು ಮಾತಿಲ್ಲ, ಇಬ್ಬರೂ ದಾರಿ ಬಿಟ್ಟು ಎಡಕ್ಕೆ ಇಳಿಸೋಕೆ ಶುರು ಮಾಡಿದ್ರು. ಮಿಂಚು ಬಂದಿದ್ದು ಅದಾಗಿ ಎರಡು ನಿಮಿಷಕ್ಕೆ. ನನ್ನ ಮಗಳು ಜೋರಾಗಿ ಎಣಿಸ್ತಿದ್ಲು, ಮೊದಲನೇದಕ್ಕೆ 22, ಮುಂದಿನದಕ್ಕೆ 14, ಆಮೇಲೆ ಅವಳು ಎಣಿಸೋದೇ ಬಿಟ್ಲು, ನನ್ನ ಕೈ ಹಿಡ್ಕೊಂಡ್ಲು. ಲೀಡರ್ ಬಂದು ಕೈ ಬಿಡಿಸಿದ, ಒಬ್ಬರಿಂದ ಒಬ್ಬರು ದೂರ ಕೂರ್ಬೇಕು ಅಕ್ಕಾ, ಒಂದು ಸಿಡಿಲಿಗೆ ಎಲ್ಲರೂ ಸಿಗಬಾರದು ಅಂತ. ಕೆಳಗೆ ಶೋಲಾ ಕಾಡಿನ (ಗುಡ್ಡದ ಕಣಿವೇಲಿ ಬೆಳೆಯೋ ದಟ್ಟ ಕಾಡು) ಪಕ್ಕದ ತಗ್ಗಲ್ಲಿ ಹತ್ತತ್ತು ಹೆಜ್ಜೆ ದೂರ ಕುಕ್ಕರುಗಾಲಲ್ಲಿ ಕೂರಿಸಿದ್ರು. ಮಳೆ ಅಂದ್ರೆ ಅದು ಮಳೆ. ಮಗಳು ಹತ್ತು ಹೆಜ್ಜೆ ದೂರದಲ್ಲಿ ಒಬ್ಬಳೇ ಕೂತಿದ್ದು ನೋಡ್ತಾ ಇರೋದು ನನ್ನ ಕೈಲಾಗಲಿಲ್ಲ, ಆದ್ರೂ ಎದ್ದು ಹೋಗಲಿಲ್ಲ.

ನಿಜವಾದ ತೊಂದರೆ ಆಮೇಲೆ ಬಂತು, ಗುಡುಗು ನಿಂತು ನಡೆಯೋಕೆ ಶುರು ಮಾಡಿದ್ಮೇಲೆ. ನಮ್ಮ ಯಜಮಾನ್ರು ಸುಮ್ಮನಾಗಿಬಿಟ್ರು. ದಾರಿ ಉದ್ದಕ್ಕೂ ಮಾತಾಡೋ ಮನುಷ್ಯ. ನಾನು ಸುಸ್ತು ಅನ್ಕೊಂಡೆ. ಲೀಡರ್ ಹಿಂದಿಂದ ಬಂದೋನು ಅವರ ನಡಿಗೆ ನೋಡಿ ನಿಲ್ಲಿಸಿದ, "ಅಣ್ಣಾ, ಹೆಬ್ಬೆರಳಿಂದ ಕಿರುಬೆರಳು ಮುಟ್ರಿ" ಅಂದ. ಅವರಿಗೆ ಮುಟ್ಟೋಕೆ ಆಗಲಿಲ್ಲ! ಬೆರಳು ಮಾತು ಕೇಳ್ತಿಲ್ಲ. ಹೆಸರು ಕೇಳಿದ್ರೆ ನಾಲಿಗೆ ತೊದಲ್ತು. ಒಳಗೆ ಕಾಟನ್ ಬನಿಯನ್ನು, ಕಾಟನ್ ಶರ್ಟು, ಕೆಳಗೆ ಜೀನ್ಸ್ ಪ್ಯಾಂಟು, ಮೇಲಿನ ಜಾಕೆಟ್ ಒಂದೇ ಸರಿಯಾಗಿದ್ದು. ಕಾಟನ್ ಒದ್ದೆಯಾದ್ರೆ ಒಣಗೋದೇ ಇಲ್ಲ, ಮೈಯ ಬಿಸಿಯೆಲ್ಲಾ ಎಳ್ಕೊಂತದೆ, ಅದರ ಮೇಲೆ ಗಾಳಿ ಬೇರೆ. ಹಿಮ ಬೀಳೋ ಊರಲ್ಲಿ ಮಾತ್ರ ಮೈ ಬಿಸಿ ಇಳಿದು ಹಿಂಗಾಗೋದು ಅಂತ ನಾನು ತಿಳ್ಕೊಂಡಿದ್ದೆ, ನಮ್ಮ ಚಿಕ್ಕಮಗಳೂರು ಜಿಲ್ಲೇಲಿ ಅಕ್ಟೋಬರ್ ತಿಂಗಳಲ್ಲಿ ಆಗುತ್ತೆ ಅಂತ ಗೊತ್ತೇ ಇರಲಿಲ್ಲ. ಇಬ್ಬರು ಟಾರ್ಪಾಲ್ ಅಡ್ಡ ಹಿಡಿದ್ರು, ಒದ್ದೆ ಬಟ್ಟೆ ಪೂರ್ತಿ ತೆಗೆಸಿ, ಲೀಡರ್ ತನ್ನ ಬ್ಯಾಗಲ್ಲಿ ದಪ್ಪ ಪ್ಲಾಸ್ಟಿಕ್ ಕವರಲ್ಲಿ ಸುತ್ತಿಟ್ಟಿದ್ದ ಒಣ ಬಟ್ಟೆ, ಉಲ್ಲನ್ ಟೋಪಿ ಹಾಕಿಸಿದ, ಫ್ಲಾಸ್ಕಲ್ಲಿದ್ದ ಬೆಲ್ಲದ ಬಿಸಿ ಕಷಾಯ ಗುಟುಕು ಗುಟುಕಾಗಿ ಕುಡಿಸಿದ. ಕೈ ಕಾಲು ಜೋರಾಗಿ ಉಜ್ಜೋಕೆ ಹೋದೆ, ಬೇಡ ಅಕ್ಕಾ ಅಂತ ತಡೆದ. ಅರ್ಧ ಗಂಟೆ ಮೇಲೆ ಹಿಡೀತು. ಅವರು ಬಾಯಿಬಿಟ್ಟು ಮೊದಲು ಹೇಳಿದ್ದು "ಇನ್ನೊಂಚೂರು ಬೆಲ್ಲ ಐತೇನಪ್ಪಾ" ಅಂತ, ಅದು ಕೇಳಿ ನಾನು ಅಲ್ಲೇ ಕೂತು ಅತ್ತೆ.

ಇಲ್ಲೇ ನನ್ನ ದೂರು ಇರೋದು, ಒಂದು ಸ್ಟಾರ್ ಕಟ್ ಮಾಡಿದ್ದೂ ಇದಕ್ಕೇ. ಕಾಟನ್ ಬೇಡ, ಜೀನ್ಸ್ ಬೇಡ ಅಂತ ಲಿಸ್ಟಲ್ಲಿ ಬರೆದಿದ್ರು, ವಾಟ್ಸಾಪಲ್ಲಿ ಬಂದಿತ್ತು, ಆದ್ರೆ ನಾಲ್ಕು ಪುಟದ ಇಂಗ್ಲಿಷ್ ಪಿಡಿಎಫ್. ಟ್ರೆಕ್ಕಿಗೆ ಬಂದಿದ್ದ 16 ಜನರೂ ಕನ್ನಡ ಮಾತಾಡೋರು, ಲೀಡರ್‌ಗಳೂ ಕನ್ನಡದವರೇ, ಮತ್ಯಾಕೆ ಇಂಗ್ಲಿಷಲ್ಲಿ? ನಮ್ಮ ಯಜಮಾನ್ರು ಮೊದಲನೇ ಪುಟ ನೋಡಿ ಮುಚ್ಚಿಟ್ರು. ಕನ್ನಡದಲ್ಲಿ ಹತ್ತು ಸಾಲು, ಯಾಕೆ ಬೇಡ ಅನ್ನೋದನ್ನೂ ಸೇರಿಸಿ ಬರೆದಿದ್ರೆ ಓದ್ತಿದ್ರು. ಜೋಗಿಮಟ್ಟಿಲಿ ಪೊಂಚೋ ನೋಡಿ ಹೇಳಿದೋರು ಒಳಗಿನ ಬಟ್ಟೆ ಕೇಳಲಿಲ್ಲ, ಗಾಡಿ ಹತ್ತೋ ಮುಂಚೆ ಎಲ್ಲರ ಬ್ಯಾಗ್ ಬಿಚ್ಚಿಸಿ ನೋಡೋಕೆ ಹತ್ತು ನಿಮಿಷ ಸಾಕು. ಲೇಟಾದ ಗಾಡಿ, ಚಿತ್ರಾನ್ನ ಇದೆಲ್ಲಾ ನಾನು ಲೆಕ್ಕಕ್ಕಿಟ್ಟಿಲ್ಲ, ಇದನ್ನ ಮಾತ್ರ ದಯವಿಟ್ಟು ಸರಿ ಮಾಡ್ರಿ.

ಕೆಳಗೆ ಬಂದ್ರೆ ಹಳ್ಳ. ಬೆಳಿಗ್ಗೆ ಕಲ್ಲಿಂದ ಕಲ್ಲಿಗೆ ಕಾಲಿಟ್ಟು ದಾಟಿದ್ದು, ಈಗ ಕೆಂಪಗೆ, ಎಲೆ ಕಡ್ಡಿ ಹೊತ್ಕೊಂಡು ಮೊಣಕಾಲ ಮೇಲೆ ಹರೀತಿದೆ. ಬೇರೆ ಗುಂಪಿನ ನಾಲ್ಕೈದು ಜನ ನುಗ್ಗಿದ್ರು, ಒಬ್ಬನ ಕಾಲು ಜಾರಿ ಬ್ಯಾಗ್ ಹೋಯ್ತು, ಅವನನ್ನ ಜೊತೆಯವರು ಎಳ್ಕೊಂಡ್ರು. ನಮ್ಮ ಗೈಡ್ ನೀರಿನ ಅಂಚಿಗೆ ಸರಿಯಾಗಿ ಒಂದು ಕಲ್ಲಿಟ್ಟು ಬೀಡಿ ಹಚ್ಚಿ ಕೂತ್ರು. "ಮೇಲೆ ಮಳೆ ನಿಂತದೆ, ಹಳ್ಳ ಬೇಗ ಇಳೀತದೆ, ಗಡಿಬಿಡಿ ಎಂತಕ್ಕೆ." ಮಂಡಕ್ಕಿ ಹಂಚ್ಕೊಂಡು, ಕಾಲಿಗೆ ಹತ್ತಿದ್ದ ಇಂಬಳಕ್ಕೆ ಉಪ್ಪು ಹಾಕ್ಕೊಂಡು ಕೂತ್ವಿ. 50 ನಿಮಿಷಕ್ಕೆ ಆ ಕಲ್ಲಿಂದ ನೀರು ಒಂದು ಮೊಳ ಕೆಳಗೆ ಹೋಗಿತ್ತು. ಆಗ ಬ್ಯಾಗಿನ ಸೊಂಟದ ಬೆಲ್ಟ್ ಬಿಚ್ಚಿಸಿ, ನೀರು ಬರೋ ಕಡೆಗೆ ಮುಖ ಮಾಡಿ, ಮೂರು ಮೂರು ಜನ ಒಬ್ಬರನ್ನೊಬ್ಬರು ಹಿಡ್ಕೊಂಡು ಅಡ್ಡಡ್ಡ ಹೆಜ್ಜೆ ಹಾಕಿ ದಾಟಿದ್ವಿ. 11 ಗಂಟೆಗೆ ಹೊರಟಿದ್ದಕ್ಕೆ ಅಷ್ಟು ಹೊತ್ತು ಕಾಯೋಕೆ ಟೈಮಿತ್ತು, ಇಲ್ದಿದ್ರೆ ಕತ್ತಲು ಅಂತ ನಾವೂ ನುಗ್ಗಬೇಕಾಗ್ತಿತ್ತೇನೋ. ತುದಿಲಿ ಜೋರು ಮಾಡಿದ ಹುಡುಗ ಇಲ್ಲಿ ಲೀಡರ್ ಬ್ಯಾಗ್ ತಾನೇ ಹೊತ್ಕೊಂಡ.

ಹೋಗೋರಿಗೆ ನನ್ನ ಕಡೆಯಿಂದ ಹೇಳೋದು, ಪರ್ಮಿಷನ್ ಆನ್‌ಲೈನಲ್ಲೇ ತಗೋಬೇಕು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಐತೆ, ನಿಮ್ಮ ಹೆಸರಿನ ಟಿಕೆಟ್ ಕಳಿಸಿ ಅಂತ ಮುಂಚೆನೇ ಕೇಳಿ ಇಟ್ಕೊಳ್ರಿ. ಒಂದು ಜೊತೆ ಒಣ ಬಟ್ಟೆ ಕವರಲ್ಲಿ ಕಟ್ಟಿ, ಎಷ್ಟೇ ಚಳಿ ಆದ್ರೂ ಮಳೇಲಿ ನಡೆಯುವಾಗ ಅದನ್ನ ತೆಗೀಬೇಡ್ರಿ, ಅದು ನಡಿಗೆ ನಿಲ್ಲಿಸಿದ ಮೇಲೆ ಹಾಕ್ಕೊಳ್ಳೋಕೆ. ಮಂಡಿನೋವು ಇರೋರು ಇಳಿಯೋಕೆ ಒಂದು ಕೋಲು ಇಟ್ಕೊಳ್ರಿ, ಹತ್ತೋದಕ್ಕಿಂತ ಇಳಿಯೋದೇ ಕಷ್ಟ. ಹೆಣ್ಮಕ್ಕಳಿಗೆ ಬಟ್ಟೆ ಬದಲಾಯಿಸೋಕೆ ಜೀಪ್ ಸ್ಟ್ಯಾಂಡ್ ಹತ್ರ ಏನೂ ವ್ಯವಸ್ಥೆ ಮಾಡಿರಲಿಲ್ಲ, ಹೋಂಸ್ಟೇಗೆ ಬರೋ ತನಕ ಒದ್ದೆಲೇ ಕೂತಿದ್ವಿ, ಇದನ್ನೂ ಟೀಮ್‌ನೋರು ಗಮನಿಸಲಿ.

ವಾಪಸ್ ಬಂದ ಮೂರನೇ ದಿನಕ್ಕೆ ಫೋನ್ ಮಾಡಿ ಲಿಸ್ಟ್ ವಿಷಯ ಹೇಳ್ದೆ. ನೀವೇ ಬರೆದು ಕೊಡ್ರಿ ಅಕ್ಕಾ ಅಂದ. ಮಗಳೂ ನಾನೂ ಕೂತು ಕನ್ನಡದಲ್ಲಿ ಒಂದೂವರೆ ಪುಟ ಬರೆದು ಕಳಿಸಿದೀವಿ, ಮೊದಲನೇ ಸಾಲೇ ಬನಿಯನ್ ಬಗ್ಗೆ. ಡಿಸೆಂಬರ್ ಬ್ಯಾಚಿಗೆ ನನ್ನ ತಮ್ಮ, ಅವನ ಹೆಂಡ್ತಿ ಹೆಸರು ಕೊಟ್ಟಿದಾರೆ, ಆ ಲಿಸ್ಟ್ ಅವರಿಗೆ ಬರುತ್ತಾ ನೋಡಿ ಇಲ್ಲೇ ತಿಳಿಸ್ತೀನಿ.